ಕಂಬ, ಕಟ್ಟೆ, ಪೋರ್ಟಿಕೋ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಮನೆಗಳ ನಕ್ಷೆ ಬರೆದುಕೊಡುವುದು ನನ್ನ ಕಸುಬು. ಬಿಡುವಿದ್ದಾಗ ಟೇಪು ಹಿಡಿದು ಕೊಪ್ಪಳ, ರಾಯಚೂರು ಕಡೆಯ ಗುಡಿಗಳ ಕಂಬ ಅಳೆಯುವುದು ಚಟ. ಮನೆ ಕಟ್ಟಿಸುವವರು ಪೋರ್ಟಿಕೋ ಬಗ್ಗೆ ಕೇಳುತ್ತಾರೆ, ಗುಡಿ ನೋಡುವವರು ಮಂಟಪದ ಬಗ್ಗೆ ಕೇಳುತ್ತಾರೆ. ಇಬ್ಬರೂ ಕೇಳುತ್ತಿರುವುದು ಒಂದೇ ವಸ್ತುವಿನ ಬಗ್ಗೆ ಎಂದು ನನಗೆ ಹೊಳೆಯಲು ಬಹಳ ವರ್ಷ ಬೇಕಾಯಿತು: ಪೂರ್ತಿ ಒಳಗೂ ಆಗದ, ಪೂರ್ತಿ ಹೊರಗೂ ಆಗದ, ಕಂಬಗಳ ಮೇಲೆ ನಿಂತ ಒಂದು ನೆರಳು. ಹೆಚ್ಚು ಸಲ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ.

ಶುರುವಿನ ಪ್ರಶ್ನೆಗಳು

ಪೋರ್ಟಿಕೋ ಎಂದರೆ ಕಾರು ನಿಲ್ಲಿಸುವ ಜಾಗ ತಾನೆ?

ನಮ್ಮ ಕಡೆ ನಕ್ಷೆಯಲ್ಲಿ ಆ ಪದ ಕಂಡರೆ ಎಲ್ಲರೂ ಹಾಗೆಯೇ ಓದುತ್ತಾರೆ. ಮೂಲದಲ್ಲಿ ಅದಕ್ಕೂ ಗಾಡಿಗೂ ಸಂಬಂಧವಿರಲಿಲ್ಲ. ಬಾಗಿಲು ಎನ್ನುವ ಅರ್ಥದ 'ಪೋರ್ಟಾ'ದಿಂದ ಲ್ಯಾಟಿನ್ನಿನಲ್ಲಿ 'ಪೋರ್ಟಿಕಸ್' ಬಂತು, ಅದು ಇಟಲಿಯಲ್ಲಿ 'ಪೋರ್ಟಿಕೋ' ಆಯಿತು. ಕಟ್ಟಡದ ಬಾಗಿಲ ಮುಂದೆ ಕಂಬಗಳ ಮೇಲೆ ಚಾವಣಿ ಹೊತ್ತ, ಎದುರುಗಡೆ ಗೋಡೆಯಿಲ್ಲದ ಜಾಗ ಎಂದಷ್ಟೇ ಅದರ ಅರ್ಥ. ಕುದುರೆಗಾಡಿಯಿಂದ ಇಳಿಯುವವರು ನೆನೆಯದಿರಲಿ ಎಂದು ಯುರೋಪಿನವರು ಇದನ್ನೇ ಗಾಡಿ ಹೋಗುವಷ್ಟು ಅಗಲಿಸಿದರು. ಬ್ರಿಟಿಷರು ನಮ್ಮ ಬಂಗಲೆಗಳ ಮುಂದೆ ಕಟ್ಟಿದ್ದು ಆ ಬಗೆಯದು. ಕುದುರೆ ಹೋಗಿ ಕಾರು ಬಂತು. ಹಾಗಾಗಿ ನಿಮ್ಮ ಮಾತು ಪೂರ್ತಿ ತಪ್ಪಲ್ಲ. ಒಂದೇ ವ್ಯತ್ಯಾಸ, ಗಾಡಿ ಅಲ್ಲಿ ಜನರನ್ನು ಇಳಿಸಿ ಹೋಗುತ್ತಿತ್ತು. ಕಾರು ಅಲ್ಲೇ ಠಿಕಾಣಿ ಹೂಡಿ, ಬಂದ ಮನುಷ್ಯನೇ ಪಕ್ಕದಲ್ಲಿ ಮೈ ತೂರಿಸಿಕೊಂಡು ಒಳಗೆ ಹೋಗಬೇಕಾಗಿದೆ.

ಕಟ್ಟೆ, ಜಗುಲಿ, ಪಡಸಾಲೆ, ಮುಖಮಂಟಪ, ಸಾಲುಮಂಟಪ ಎಲ್ಲವೂ ಒಂದೆಯೇ?

ಒಂದೇ ಕುಟುಂಬ, ಹೆಸರು ಬೇರೆ. ಬಾಗಿಲ ಎರಡು ಪಕ್ಕದಲ್ಲಿ ಕೂರಲು ಎತ್ತರಿಸಿದ ಜಾಗ ಕಟ್ಟೆ. ಅದಕ್ಕೆ ಸೂರು, ಕಂಬ ಇರಲೇಬೇಕೆಂದಿಲ್ಲ. ಹಳೇ ಮೈಸೂರಿನವರು ಜಗುಲಿ ಎನ್ನುವುದು ಬಹುಮಟ್ಟಿಗೆ ಇದನ್ನೇ. ಪಡಸಾಲೆ ಎಂಬ ಪದ ಊರಿಂದ ಊರಿಗೆ ಜಾಗ ಬದಲಿಸುತ್ತದೆ. ಕೆಲವೆಡೆ ಅದು ಬೀದಿಗೆ ತೆರೆದ ಕಂಬದ ಸಾಲು. ನಮ್ಮ ಕಡೆಯ ದೊಡ್ಡ ಮನೆಗಳಲ್ಲಿ ತಲೆಬಾಗಿಲು ದಾಟಿದ ಮೇಲೆ, ದನ ಕಟ್ಟುವ ಜಾಗಕ್ಕಿಂತ ಎತ್ತರದಲ್ಲಿರುವ ಕಂಬದ ಹಜಾರವೇ ಪಡಸಾಲೆ.

ಗುಡಿಯ ಬಾಗಿಲ ಮುಂದೆ ಚಾಚಿದ್ದು ಮುಖಮಂಟಪ, ಪೋರ್ಟಿಕೋಗೆ ತೀರ ಹತ್ತಿರದ ಕನ್ನಡ ಪದ ಇದೇ. ಸಾಲುಮಂಟಪ ಯಾವ ಬಾಗಿಲಿಗೂ ಸೇರಿದ್ದಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ಎದುರಿನ ಬೀದಿಯ ಎರಡೂ ಬದಿಗೆ ಓಡುವ ಕಂಬಗಳ ಓಣಿ ಅದು. ಗ್ರೀಕರು ಇಂಥ ಓಣಿಯನ್ನು 'ಸ್ಟೋವಾ' ಎಂದರು. ಅಥೆನ್ಸಿನ ಒಂದು ಸ್ಟೋವಾದಲ್ಲಿ ಜೀನೋ ಎಂಬಾತ ಪಾಠ ಹೇಳುತ್ತಿದ್ದ; ಅವನ ಹಿಂಬಾಲಕರಿಗೆ 'ಸ್ಟೋಯಿಕ್'ಗಳು ಎಂದೇ ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳಿದರೆ ಕಟ್ಟೆಯವರು.

ನಮ್ಮಜ್ಜ 'ಏಳು ಅಂಕಣದ ಮನೆ' ಎನ್ನುತ್ತಿದ್ದರು. ಒಂದು ಅಂಕಣ ಎಂದರೆ ಎಷ್ಟು ಅಡಿ?

ಅಡಿಯ ಲೆಕ್ಕ ಅದಕ್ಕಿಲ್ಲ. ಎರಡು ಕಂಬಗಳ ನಡುವಿನ, ಅಂದರೆ ಎರಡು ತೊಲೆಗಳ ನಡುವಿನ ಜಾಗವೇ ಒಂದು ಅಂಕಣ. ಊರಿನಲ್ಲಿ ಸಿಗುವ ಮರದ ಉದ್ದ ಎಷ್ಟೋ ಅಂಕಣ ಅಷ್ಟು. ನಾನು ಅಳೆದ ಮನೆಗಳಲ್ಲಿ ಏಳೂವರೆಯಿಂದ ಒಂಬತ್ತು ಅಡಿಯವರೆಗೆ ಸಿಕ್ಕಿವೆ, ಒಂದೇ ಮನೆಯಲ್ಲಿ ಎರಡು ಅಳತೆ ಸಿಕ್ಕದ್ದೂ ಇದೆ.

ಮನೆಯನ್ನು ಚದರ ಅಡಿಯಲ್ಲಿ ಅಳೆಯದೆ ಕಂಬಗಳ ನಡುವಿನ ಖಾಲಿಯಲ್ಲಿ ಅಳೆಯುವ ಈ ಕ್ರಮ ನನಗೆ ಬಹಳ ಇಷ್ಟ. ರೋಮಿನ ವಾಸ್ತುಕಾರ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆ ಇದನ್ನೇ ಮಾಡಿದ. ಕಂಬದ ದಪ್ಪವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ನಡುವಿನ ಖಾಲಿ ಒಂದೂವರೆ ಪಟ್ಟು ಇದ್ದರೆ ಇಕ್ಕಟ್ಟು, ಎರಡೂಕಾಲು ಪಟ್ಟು ಇದ್ದರೆ ಹದ, ಮೂರು ಪಟ್ಟಿಗೆ ಕಲ್ಲಿನ ತೊಲೆ ಮುರಿಯುವ ಭಯ, ಅದಕ್ಕೂ ಮೀರಿದರೆ ಮರದ ತೊಲೆಯೇ ಗತಿ ಎಂದು ಬರೆದಿಟ್ಟ. ಅಜ್ಜನೂ ವಿಟ್ರೂವಿಯಸನೂ ಒಂದೇ ಕಟ್ಟೆಯ ಮೇಲೆ ಕುಳಿತರೆ ಮಾತಿಗೆ ಕೊರತೆಯಾಗುತ್ತಿರಲಿಲ್ಲ.

ಗುಡಿಗಳ ಬಗ್ಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಈ ಮೂರು ಜಿಲ್ಲೆಗಳಲ್ಲಿ ಕಂಬದ ಮಂಟಪ ನೋಡಬೇಕೆಂದರೆ ಮೊದಲು ಎಲ್ಲಿಗೆ ಹೋಗಬೇಕು?

ಇಟಗಿಗೆ. ಕೊಪ್ಪಳ ಜಿಲ್ಲೆಯ ಕುಕನೂರಿನಿಂದ ಕೆಲವೇ ಕಿಲೋಮೀಟರ್. ಅಲ್ಲಿನ ಮಹಾದೇವ ದೇವಾಲಯವನ್ನು ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಶಾಸನಗಳ ಹೊಗಳಿಕೆಯನ್ನು ನಾನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿ ಓದುತ್ತೇನೆ. ಇಲ್ಲಿ ಇಳಿಸಬೇಕೆನಿಸುವುದಿಲ್ಲ.

ಎಲ್ಲರೂ ಶಿಖರವನ್ನೂ ಬಾಗಿಲವಾಡವನ್ನೂ ನೋಡಿ ಹೊರಡುತ್ತಾರೆ. ನೀವು ಪೂರ್ವದ ತೆರೆದ ಮಂಟಪದಲ್ಲಿ ಒಂದು ಗಂಟೆ ಕೂರಿ. ಅದಕ್ಕಿದ್ದದ್ದು ಅರವತ್ತಕ್ಕೂ ಹೆಚ್ಚು ಕಂಬಗಳು, ಆದರೆ ಎಲ್ಲವೂ ಒಂದೇ ಎತ್ತರದವಲ್ಲ. ನಡುವಿನವು ನೆಲದಿಂದಲೇ ಏಳುತ್ತವೆ. ಅಂಚಿನವು ಗಿಡ್ಡ, ಸುತ್ತಲಿನ ಕಲ್ಲಿನ ಆಸನದ ಮೇಲೆ ನಿಂತಿವೆ. ಹೀಗಾಗಿ ನಡುವೆ ನಿಂತವನಿಗೆ ಮಂಟಪ ಎತ್ತರ, ಅಂಚಿನಲ್ಲಿ ಕುಳಿತವನಿಗೆ ಅದೇ ಮಂಟಪ ತಲೆಗೆ ಹತ್ತಿರ. ಒಳಗೆ ಗೋಡೆಯಿರುವ ಇನ್ನೊಂದು ಮಂಟಪವಿದೆ. ಅದರ ಉತ್ತರ, ದಕ್ಷಿಣ ಬಾಗಿಲುಗಳಿಗೆ ಒಂದೊಂದು ಪುಟ್ಟ ಮುಖಮಂಟಪ. ಬೇಸಿಗೆಯಲ್ಲಿ ಹೊರಗಿನ ಬಿಸಿಲಿನಿಂದ ತೆರೆದ ಮಂಟಪಕ್ಕೆ, ಅಲ್ಲಿಂದ ಮುಚ್ಚಿದ ಮಂಟಪಕ್ಕೆ, ಮತ್ತೆ ಗರ್ಭಗುಡಿಯ ಕತ್ತಲಿಗೆ ನಡೆದು ನೋಡಿ. ಕಣ್ಣು ಎಲ್ಲಿಯೂ ಕುಕ್ಕುವುದಿಲ್ಲ, ತಡವರಿಸುವುದೂ ಇಲ್ಲ. ಮುಖಮಂಟಪದ ದೊಡ್ಡ ಕೆಲಸ ಇದು: ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು.

ಅದೇ ದಿನ ಕುಕನೂರಿನ ಕಲ್ಲೇಶ್ವರವನ್ನೂ ರಾಷ್ಟ್ರಕೂಟರ ಕಾಲದ, ಒಂಬತ್ತು ಗುಡಿಗಳು ಒಂದಕ್ಕೊಂದು ಅಂಟಿಕೊಂಡ ನವಲಿಂಗವನ್ನೂ ನೋಡಬಹುದು. ಆನೆಗೊಂದಿಯ ಬಳಿ ತುಂಗಭದ್ರೆಯೊಳಗಿನ ಅರವತ್ನಾಲ್ಕು ಕಂಬದ ಮಂಟಪವಿದೆ. ಹೊಳೆ ತುಂಬಿದಾಗ ಅದು ನೀರಿನಲ್ಲೇ ನಿಂತಿರುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಕುರುಗೋಡಿನ ಚಾಲುಕ್ಯ ಗುಡಿಗಳು. ರಾಯಚೂರಿನವರು ಕೋಪಿಸಿಕೊಳ್ಳಬಾರದು, ಅವರ ಊರಿಗೆ ನಾನು ಹೋಗುವುದು ಮಂಟಪಕ್ಕಲ್ಲ, 1294ರ ಕೋಟೆಗೋಡೆಗೆ. ಅದರ ಕಾರಣ ಮುಂದೆ ಹೇಳುತ್ತೇನೆ.

ಇಟಗಿಯ ಕಂಬ ಕನ್ನಡಿಯಂತೆ ನುಣುಪು, ಹಂಪಿಯ ಕಂಬ ಒರಟು. ಶಿಲ್ಪಿಗಳ ಕೈ ಕೆಟ್ಟಿತೇ?

ಕೈ ಕೆಡಲಿಲ್ಲ, ಕಲ್ಲು ಬದಲಾಯಿತು. ಇಟಗಿಯದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಅದನ್ನು ಬಳೆಯಂತೆ ಸುತ್ತು ಸುತ್ತಾಗಿ ಕಡೆಯಬಹುದು, ತಿರುಗಣೆಗೆ ಹಾಕಿ ತಿರುಗಿಸಿ ಉಜ್ಜಬಹುದು. ಒಳ್ಳೆಯ ಕಂಬವೊಂದರ ಹತ್ತಿರ ಹೋದರೆ ಅದರಲ್ಲಿ ನಿಮ್ಮ ಮುಖ ಕಂಡೂ ಕಾಣದಂತೆ ಮೂಡುತ್ತದೆ, ಹೊಳೆಯುವ ಸುತ್ತುಗಳಲ್ಲಿ ಅಡ್ಡಡ್ಡವಾಗಿ ಕತ್ತರಿಸಿಕೊಂಡು.

ಹಂಪಿಯದು ಗ್ರಾನೈಟ್, ನಮ್ಮ ಬಳ್ಳಾರಿ ಗುಡ್ಡಗಳ ಕಲ್ಲೇ. ಸಾಲಾಗಿ ಕುಳಿ ತೋಡಿ, ಬೆಣೆ ಬಡಿದು ಸೀಳಿದ ಗುರುತು ಅಲ್ಲಿನ ಬಂಡೆಗಳ ಮೇಲೆ ಇಂದಿಗೂ ಹಲ್ಲಿನ ಸಾಲಿನಂತೆ ಕಾಣುತ್ತದೆ. ಉಳಿ ಅಲ್ಲಿ ಸುಲಭಕ್ಕೆ ಓಡುವುದಿಲ್ಲ. ಆದ್ದರಿಂದ ವಿಜಯನಗರದವರು ನುಣುಪನ್ನು ಬಿಟ್ಟು ಗಾತ್ರವನ್ನು ಹಿಡಿದರು: ಎದ್ದು ನಿಂತ ಯಾಳಿ, ಕುದುರೆ, ಒಂದೇ ಕಲ್ಲಿನಲ್ಲಿ ಬಿಡಿಸಿದ ಸಣ್ಣ ಕಂಬಗಳ ಗೊಂಚಲು. ಇಷ್ಟಾಗಿಯೂ ಹಜಾರರಾಮ ಗುಡಿಯೊಳಗೆ ನಾಲ್ಕು ಕಪ್ಪುಕಲ್ಲಿನ ಕಂಬಗಳನ್ನು ಮೆರುಗು ಕೊಟ್ಟು ನಿಲ್ಲಿಸಿದ್ದಾರೆ. ಹಳೆಯ ಚಾಲುಕ್ಯ ರುಚಿ ಮರೆತುಹೋಗಿರಲಿಲ್ಲ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಬೋದಿಗೆ ಬರೀ ಅಲಂಕಾರವೇ?

ಮುಂದಿನ ಸಲ ಕಂಬದ ತಲೆಯತ್ತ ನೋಡಿ. ಕಂಬಕ್ಕೂ ತೊಲೆಗೂ ನಡುವೆ ಎರಡು ಅಥವಾ ನಾಲ್ಕು ಕಡೆಗೆ ತೋಳು ಚಾಚಿದ ಒಂದು ತುಂಡು ಇರುತ್ತದೆ. ಅದೇ ಬೋದಿಗೆ. ಕಲ್ಲನ್ನು ಬರೀ ಒತ್ತಿದರೆ ಅದಕ್ಕೆ ಏನೂ ಆಗದು. ತೊಲೆಯಾಗಿ ಬಾಗಿದರೆ ಮಾತ್ರ ಅದರ ಕೆಳಮೈ ಹಿಗ್ಗಬೇಕಾಗುತ್ತದೆ, ಹಿಗ್ಗುವುದು ಕಲ್ಲಿಗೆ ಗೊತ್ತಿಲ್ಲ, ಬಿರುಕು ಬಿಡುತ್ತದೆ. ಎಂಟು ಅಡಿಯ ಅಂಕಣದಲ್ಲಿ ಎರಡೂ ಕಡೆಯ ಬೋದಿಗೆಗಳು ಒಂದೊಂದು ಅಡಿ ಮುಂದೆ ಬಂದರೆ ತೊಲೆ ದಾಟಬೇಕಾದ ಖಾಲಿ ಆರಕ್ಕೆ ಇಳಿಯುತ್ತದೆ. ಬಾಗುವ ಒತ್ತಡ ಖಾಲಿಯ ವರ್ಗದಂತೆ ಏರುವುದರಿಂದ, ಎಂಟು ಆರಾದರೆ ಆ ಒತ್ತಡ ಸುಮಾರು ಅರ್ಧಕ್ಕೆ ಇಳಿದ ಹಾಗೆ. ಇಷ್ಟು ಕೆಲಸ ಮಾಡಿದ ಮೇಲೆ ಅದಕ್ಕೊಂದು ಹೂವಿನ ಮೊಗ್ಗು ಕೆತ್ತಿದರೆ ಯಾರೂ ಬೇಡವೆನ್ನುವುದಿಲ್ಲ. ಮರದ ಮನೆಗಳಲ್ಲೂ ಇದೇ ಬೋದಿಗೆ, ಇದೇ ಲೆಕ್ಕ.

ಮಂಟಪದ ಅಂಚಿನ ಕಲ್ಲಿನ ಬೆಂಚು ಹೊರಕ್ಕೆ ವಾಲಿರುತ್ತದೆ. ಕುಸಿದಿರುವುದೇ?

ಬೇಕೆಂದೇ ವಾಲಿಸಿದ್ದು. ಅದನ್ನು ಕಕ್ಷಾಸನ ಎನ್ನುತ್ತಾರೆ. ಒರಗುವ ಕಲ್ಲು ನೆಟ್ಟಗಿದ್ದರೆ ಹತ್ತು ನಿಮಿಷಕ್ಕೆ ಬೆನ್ನು ನೋಯುತ್ತದೆ. ಒಮ್ಮೆ ಬೆನ್ನು ಕೊಟ್ಟು ನೋಡಿ, ಅಳತೆ ಹಾಕಿದವನು ತಾನೂ ಕೂತು ನೋಡಿದ್ದ ಎನ್ನುವುದು ತಿಳಿಯುತ್ತದೆ.

ಗಾರೆಯೇ ಇಲ್ಲದೆ ಕಂಬ ಹೇಗೆ ನಿಂತಿವೆ? ತಳ್ಳಿದರೆ ಬೀಳುವುದಿಲ್ಲವೇ?

ಮೇಲಿನ ಭಾರವೇ ಅವನ್ನು ನಿಲ್ಲಿಸಿದೆ. ಪೀಠ, ಕಂಬ, ಬೋದಿಗೆ, ತೊಲೆ, ಚಪ್ಪಡಿ ಒಂದರ ಮೇಲೊಂದು ಕೂತು, ಎಲ್ಲವೂ ನೆಟ್ಟಗೆ ಕೆಳಗೆ ಒತ್ತುತ್ತವೆ. ಅಡಿಗಲ್ಲು ಜಾರದಿದ್ದರೆ ಸಾಕು, ಶತಮಾನಗಳು ಕಳೆಯುತ್ತವೆ. ಚಾವಣಿ ಬಿದ್ದುಹೋಗಿ ಒಂಟಿಯಾಗಿ ಉಳಿದ ಕಂಬ ಮಾತ್ರ ತಳ್ಳಿದರೆ ಬೀಳುತ್ತದೆ. ಹಂಪಿಯ ಆನೆಲಾಯದ ಹತ್ತಿರ ಕೆಲವು ಯುವಕರು ಹಾಗೆ ಕಂಬ ಕೆಡವಿದ ವಿಡಿಯೊ 2019ರಲ್ಲಿ ಎಲ್ಲೆಡೆ ಹರಿದಾಡಿತು. ನ್ಯಾಯಾಲಯ ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಆ ಕಂಬಗಳನ್ನು ಮತ್ತೆ ನಿಲ್ಲಿಸಲೂ ಹಚ್ಚಿತು. ಬೀಳಿಸಿದ್ದು ಕ್ಷಣದಲ್ಲಿ, ಎತ್ತಲು ಪಟ್ಟ ಪಾಡು ನೋಡುವಂತಿತ್ತು.

ನಿಜವಾದ ಶತ್ರು ಬುಡಕ್ಕೆ ಇಳಿಯುವ ನೀರು. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬೀದಿಯ ಸಾಲುಮಂಟಪದ ಒಂದು ಭಾಗ ಕುಸಿಯಿತು. ಕಂಬ ಮುರಿದದ್ದಕ್ಕಿಂತ ಹೆಚ್ಚಾಗಿ ಕಂಬದ ಕೆಳಗಿನ ನೆಲ ಮೆತ್ತಗಾಗಿಯೇ ಇಂಥವು ಬೀಳುತ್ತವೆ.

ಅಷ್ಟು ಭಾರದ ತೊಲೆಗಳನ್ನು ಸಾಗಿಸಿದ್ದು ಹೇಗೆ?

ರಾಯಚೂರು ಕೋಟೆಗೆ ಹೋಗುವ ಕಾರಣ ಇದೇ. 1294ರ ಶಾಸನವಿರುವ ಒಂದೇ ಕಲ್ಲು 41 ಅಡಿಗೂ ಉದ್ದ, ಗೋಡೆಯಲ್ಲೇ ಕೂತಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಎಳೆದು ತರುವ ಚಿತ್ರವನ್ನು ಆ ಗೋಡೆಯ ಮೇಲೆಯೇ ಗೀರಿಟ್ಟಿದ್ದಾರೆ. ಎಳೆಯುವ ಪ್ರಾಣಿಗಳ ಸಾಲು, ಒತ್ತುವ ಜನ, ಗಾಲಿ ಎಲ್ಲವೂ ಇದೆ. ಪುಸ್ತಕ ಬೇಡ, ಸಂಜೆಯ ಓರೆ ಬಿಸಿಲಿನಲ್ಲಿ ಹೋಗಿ, ಗೆರೆಗಳು ಎದ್ದು ಕಾಣುತ್ತವೆ.

ಹಂಪಿಯ ವಿಠ್ಠಲ ಗುಡಿಯ ಕಂಬ ನಿಜಕ್ಕೂ ಸಂಗೀತಕ್ಕೆಂದೇ ಮಾಡಿದ್ದೇ?

ಮಹಾಮಂಟಪದಲ್ಲಿ 56 ಕಂಬಗಳು. ಸುತ್ತಲಿನ ಸಣ್ಣ ಕಂಬಗಳು ತಟ್ಟಿದರೆ ದನಿಗೊಡುತ್ತವೆ. ತೆಳ್ಳಗೆ ಉದ್ದಕ್ಕೆ ಕಡೆದ ಗಟ್ಟಿ ಕಲ್ಲು ದನಿಗೊಡದಿದ್ದರೆ ಆಶ್ಚರ್ಯ. ಈಗ ಮುಟ್ಟುವಂತಿಲ್ಲ, ಅದು ಸರಿಯೇ. ಎಷ್ಟು ಕೈಗಳು ತಟ್ಟಿದರೂ ತಾಳಲು ಅದು ತಬಲಾ ಅಲ್ಲ.

ಹೊರಗಿನಿಂದ ಬಂದ ಕಂಬಗಳು

ಡೋರಿಕ್, ಅಯಾನಿಕ್, ಕೋರಿಂಥಿಯನ್: ನೋಡಿದ ಕೂಡಲೇ ಗುರುತಿಸುವುದು ಹೇಗೆ?

ಇವು ಗ್ರೀಕರ ಮೂರು ಬಗೆಯ ಕಂಬಗಳು. ಕಂಬದ ತಲೆ ನೋಡಿ. ಸಾದಾ ತಟ್ಟೆಯ ಮೇಲೆ ಚೌಕ ಹಲಗೆ ಇಟ್ಟಂತಿದ್ದರೆ ಡೋರಿಕ್. ಟಗರಿನ ಕೊಂಬಿನಂತೆ ಎರಡು ಕಡೆ ಸುರುಳಿಯಿದ್ದರೆ ಅಯಾನಿಕ್. ಎಲೆಗಳ ಬುಟ್ಟಿಯಂತಿದ್ದರೆ ಕೋರಿಂಥಿಯನ್. ಮದುವೆ ಮಂಟಪಗಳ ಮುಂದೆ ಬಂಗಾರದ ಬಣ್ಣ ಬಳಿದುಕೊಂಡು ನಿಂತಿರುವುದು ಹೆಚ್ಚಾಗಿ ಈ ಮೂರನೆಯದು.

ಮುಂಭಾಗದಲ್ಲಿ ಬೆಸ ಸಂಖ್ಯೆಯ ಕಂಬ ಇರಬಾರದು ಎನ್ನುತ್ತಾರೆ. ವಾಸ್ತುವೋ, ಮೂಢನಂಬಿಕೆಯೋ?

ಬಾಗಿಲಿನ ಮುಂದೆ ಕಂಬ ನಿಲ್ಲಿಸಬೇಡಿ ಎನ್ನುವ ಸರಳ ಬುದ್ಧಿ. ಬಾಗಿಲು ನಡುವೆಯಿದ್ದು ಕಂಬಗಳು ಮೂರೋ ಐದೋ ಆದರೆ ಒಂದು ಸರಿಯಾಗಿ ಬಾಗಿಲಿಗೆ ಎದುರಾಗುತ್ತದೆ. ನಾಲ್ಕು, ಆರು, ಎಂಟಾದರೆ ನಡುವೆ ದಾರಿ ತೆರೆದಿರುತ್ತದೆ. ಅಥೆನ್ಸಿನ ಪಾರ್ಥೆನಾನ್ ಮುಂಭಾಗಕ್ಕೆ ಎಂಟು. ರೋಮಿನ ಪ್ಯಾಂಥಿಯನ್ನಿಗೂ ಎದುರು ಸಾಲಿನಲ್ಲಿ ಎಂಟು, ಹಿಂದಿನವನ್ನು ಸೇರಿಸಿದರೆ ಹದಿನಾರು, ಎಲ್ಲವೂ ಈಜಿಪ್ಟಿನಿಂದ ತಂದ ಒಂಟಿ ಗ್ರಾನೈಟ್ ಕಲ್ಲುಗಳು. ನಿಯಮ ಮುರಿದವರೂ ಇದ್ದಾರೆ: ಇಟಲಿಯ ಪೆಸ್ಟಮ್ಮಿನ ಹಳೆಯ ಹೀರಾ ದೇವಿಯ ಗುಡಿಗೆ ಮುಂದೆ ಒಂಬತ್ತು ಕಂಬ. ಒಳಗೆ ನಟ್ಟನಡುವೆ ಒಂದು ಕಂಬದ ಸಾಲು ಓಡುತ್ತದೆ, ದೇವಿಯನ್ನು ನೇರಕ್ಕೆ ಎಲ್ಲಿಂದಲೂ ನೋಡಲಾಗದು. ನಿಮ್ಮ ಮನೆಯ ಬಾಗಿಲು ಒಂದು ಬದಿಗಿದ್ದರೆ ಮೂರು ಕಂಬಕ್ಕೆ ನನ್ನ ಅಡ್ಡಿಯಿಲ್ಲ.

ಬಳ್ಳಾರಿಯ ಹಳೆಯ ಬಂಗಲೆಗಳಿಗೆ ಆ ದಪ್ಪ ದುಂಡು ಕಂಬ ಎಲ್ಲಿಂದ ಬಂತು?

ಮದರಾಸಿನಿಂದ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು, ಥಾಮಸ್ ಮನ್ರೋ ಮೊದಲ ಪ್ರಧಾನ ಕಲೆಕ್ಟರಾದ, ದಂಡು ಬಂದು ನೆಲೆಸಿತು. ಆ ಪ್ರದೇಶಕ್ಕೆ ಇಂದಿಗೂ ಕಂಟೋನ್ಮೆಂಟ್ ಎಂದೇ ಹೆಸರು. 1953ರವರೆಗೆ ಜಿಲ್ಲೆ ಮದರಾಸಿನ ಆಡಳಿತದಲ್ಲೇ ಇತ್ತು. ಮದರಾಸಿನ ದೊರೆಗಳು ಕಲ್ಲಿನ ಖರ್ಚು ಉಳಿಸಿ ಇಟ್ಟಿಗೆಯಲ್ಲಿ ದುಂಡು ಕಂಬ ಕಟ್ಟಿ, ನಯವಾದ ಸುಣ್ಣದ ಗಾರೆ ಹಚ್ಚಿ, ಅಮೃತಶಿಲೆಯೆನಿಸುವಂತೆ ಉಜ್ಜಿಸುತ್ತಿದ್ದರು. ಇಲ್ಲಿ ಬಂದದ್ದು ಅದರ ಬಡ ತಮ್ಮ. ಗಾರೆ ಉದುರಿದಲ್ಲಿ ಬೆರಳಿಟ್ಟು ನೋಡಿದರೆ ಕೇಕಿನ ಹೋಳುಗಳಂತೆ ಜೋಡಿಸಿದ ಇಟ್ಟಿಗೆ ಕಾಣುತ್ತದೆ.

ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದ್ ರಾಜ್ಯದವು. ಅತ್ತ ಹೈದರಾಬಾದ್ ನಗರದ ಕೋಠಿಯಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿದ್ದ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ 19ನೆಯ ಶತಮಾನದ ಶುರುವಿನಲ್ಲೇ ಆರು ಕೋರಿಂಥಿಯನ್ ಕಂಬಗಳ ಭಾರಿ ಪೋರ್ಟಿಕೋ ನಿಲ್ಲಿಸಿದ್ದ. ಅಧಿಕಾರಕ್ಕೆ ಕಂಬ ಬೇಕು ಎನ್ನುವುದು ಎಲ್ಲ ಸರಕಾರಗಳ ನಂಬಿಕೆ. ಸ್ವಾತಂತ್ರ್ಯ ಬಂದ ಮೇಲೂ ವಿಧಾನಸೌಧದ ಮುಂದೆ 40 ಅಡಿಯ ಹನ್ನೆರಡು ಗ್ರಾನೈಟ್ ಕಂಬಗಳು ಎದ್ದವು, ಈ ಸಲ ದ್ರಾವಿಡ ವೇಷದಲ್ಲಿ.

ಕಟ್ಟಿಸುವವರಿಗೆ

ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಸೈಟು. ಆರಡಿ ಪೋರ್ಟಿಕೋ ಹಾಕಿದರೆ ಬಿಸಿಲು ತಡೆಯುತ್ತದೆಯೇ?

ನಮ್ಮೂರಿನ ಬಿಸಿಲಿಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ, ಕೇಳುವವರು ಕಡಿಮೆ. ಬಳ್ಳಾರಿ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಆದ್ದರಿಂದ ದಕ್ಷಿಣದ ಗೋಡೆಗೆ ಸಣ್ಣ ಸಜ್ಜಾ ಇದ್ದರೂ ಬೇಸಿಗೆ ಕಳೆಯುತ್ತದೆ. ಪಶ್ಚಿಮದ ಕಥೆ ಬೇರೆ. ಮೇ ತಿಂಗಳ ಸಂಜೆ ನಾಲ್ಕಕ್ಕೆ ಸೂರ್ಯ ಸುಮಾರು 37 ಡಿಗ್ರಿ ಎತ್ತರದಲ್ಲಿರುತ್ತಾನೆ. ಒಂಬತ್ತು ಅಡಿ ಎತ್ತರದ, ಆರಡಿ ಮುಂದಕ್ಕೆ ಬಂದ ಸ್ಲ್ಯಾಬಿನ ನೆರಳು ಗೋಡೆಯ ಮೇಲರ್ಧಕ್ಕಷ್ಟೇ ಇಳಿಯುತ್ತದೆ. ಐದು ಗಂಟೆಗೆ ಸೂರ್ಯ 23 ಡಿಗ್ರಿಗೆ ಬಂದಾಗ ಮೇಲಿನ ಎರಡೂವರೆ ಅಡಿಗೆ ಮಾತ್ರ ನೆರಳು, ಉಳಿದ ಗೋಡೆಯೆಲ್ಲ ಕಾಯುತ್ತದೆ. ಇಡೀ ರಾತ್ರಿ ಆ ಗೋಡೆ ಕಾವನ್ನು ನಿಮ್ಮ ಮಲಗುವ ಕೋಣೆಗೆ ಕೊಡುತ್ತಿರುತ್ತದೆ.

ಹಾಗಾಗಿ ಪಶ್ಚಿಮಕ್ಕೆ ಪೋರ್ಟಿಕೋದ ಆಳಕ್ಕಿಂತ ಅಡ್ಡ ಮರೆ ಮುಖ್ಯ. ಸ್ಲ್ಯಾಬಿನ ಅಂಚಿನಿಂದ ಬಿದಿರಿನ ತಟ್ಟಿ ಇಳಿಬಿಡಿ, ಇಲ್ಲವೇ ಕಂಬಗಳ ನಡುವೆ ಜಾಲಿ ಇಟ್ಟಿಗೆ ಏರಿಸಿ, ಇಲ್ಲವೇ ಹೊರಗೆ ಒಂದು ಬೇವು ಹಾಕಿ ಹತ್ತು ವರ್ಷ ಕಾಯಿರಿ. ನೆಲಕ್ಕೆ ಶಹಾಬಾದಿ ಫರಸಿ ಸಾಕು. ಕಪ್ಪು ಗ್ರಾನೈಟಿನ ಮೇಲೆ ಏಪ್ರಿಲಿನಲ್ಲಿ ಬರಿಗಾಲಿಟ್ಟವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಕಂಬವೇ ಇಲ್ಲದ ಪೋರ್ಟಿಕೋ ಹಾಕಿಸಬಹುದೇ? ಕಾರು ತಿರುಗಿಸಲು ಕಂಬ ಅಡ್ಡ.

ಹಾಕಿಸಬಹುದು, ಆದರೆ ಅಗ್ಗವೆಂದು ಹಾಕಿಸಬೇಡಿ. ಕಂಬವಿರುವ ಸ್ಲ್ಯಾಬು ಕೆಳಗೆ ಹಿಗ್ಗುತ್ತದೆ, ಮುಖ್ಯ ಸರಳುಗಳು ಕೆಳಗಿರುತ್ತವೆ. ಗೋಡೆಯಿಂದ ಚಾಚಿ ನಿಂತ ಸ್ಲ್ಯಾಬು ಮೇಲೆ ಹಿಗ್ಗುತ್ತದೆ, ಸರಳು ಮೇಲಿರಬೇಕು, ಮನೆಯೊಳಗಿನ ಸ್ಲ್ಯಾಬಿಗೆ ಸಾಕಷ್ಟು ಉದ್ದ ಹೊಕ್ಕಿರಬೇಕು.

ನನ್ನ ಕಣ್ಣೆದುರಿಗೇ ನಡೆದದ್ದು ಹೇಳುತ್ತೇನೆ. ನಕ್ಷೆಯಲ್ಲಿ ಎಲ್ಲ ಸರಿಯಿತ್ತು, ಸರಳನ್ನೂ ಮೇಲೆಯೇ ಕಟ್ಟಿದ್ದರು. ಕಾಂಕ್ರೀಟು ಹಾಕುವ ಬೆಳಿಗ್ಗೆ ಬುಟ್ಟಿ ಹೊತ್ತವರು ಅದೇ ಸರಳುಗಳ ಮೇಲೆ ಓಡಾಡಿದರು. ಮೇಲಿನ ಸರಳುಗಳನ್ನು ಎತ್ತಿ ಹಿಡಿಯುವ ಕುರ್ಚಿ ಸರಳು ಸಾಲದೆ ಆ ಜಾಳಿಗೆ ಮೆಲ್ಲಗೆ ಕೆಳಗೆ ಕೂತಿತು. ನಾನು ಚಹಾ ಕುಡಿದು ಬರುವುದರೊಳಗೆ ಅದು ಮುಚ್ಚಿಹೋಗಿತ್ತು. ಸೆಂಟ್ರಿಂಗ್ ತೆಗೆದ ಮೂರನೆಯ ದಿನ ಗೋಡೆಯುದ್ದಕ್ಕೂ ಸ್ಲ್ಯಾಬಿನ ಮೇಲೆ ಕೂದಲೆಳೆಯಂಥ ಒಂದು ಗೆರೆ. ಕೊನೆಗೆ ಎರಡು ಕಂಬ ಕೊಟ್ಟೆವು, ಕಂಬ ಬೇಡವೆಂದಿದ್ದ ಮನೆಗೆ. ಅಂದಿನಿಂದ ನಾನು ಕಾಂಕ್ರೀಟಿನ ದಿನ ಚಹಾಕ್ಕೆ ಹೋಗುವುದಿಲ್ಲ, ಸರಳಿನ ಮೇಲೆ ಹಲಗೆ ಹಾಸಿಸದೆ ಯಾರನ್ನೂ ಹತ್ತಿಸುವುದಿಲ್ಲ.

ನಾಲ್ಕೈದು ಅಡಿಯವರೆಗೆ ಚಾಚುವುದು ಸಾಮಾನ್ಯ ಕೆಲಸ. ಅದಕ್ಕೂ ಮೀರಿದರೆ ಎಂಜಿನಿಯರ್ ಲೆಕ್ಕ ಬರೆದುಕೊಡಲಿ. ಗೌಂಡಿಯ ಧೈರ್ಯ ಲೆಕ್ಕವಾಗುವುದಿಲ್ಲ.

ಅಚ್ಚಿನಲ್ಲಿ ಎರಕ ಹೊಯ್ದ ರೆಡಿಮೇಡ್ ಕಂಬ ಹಾಕಿಸಿದರೆ ತಪ್ಪೇ?

ತಪ್ಪೇನಿಲ್ಲ, ನಿಮ್ಮ ಮನೆ, ನಿಮ್ಮ ದುಡ್ಡು. ಒಳಗಿರುವುದು ಒಂಬತ್ತು ಇಂಚಿನ ಕಾಂಕ್ರೀಟು, ಹೊರಗೆ ಅಂಗಿ. ನನಗಿರುವ ತಕರಾರು ಒಂದೇ: ಹತ್ತು ಅಡಿಯ ಎತ್ತರಕ್ಕೆ ಎರಡು ಅಡಿ ದಪ್ಪದ ಕಂಬ ಹಾಕಿಸಿ, ಕೂರಲು ಒಂದೂವರೆ ಅಡಿ ಕಟ್ಟೆಗೆ ಜಾಗವಿಲ್ಲ ಎನ್ನುತ್ತಾರೆ. ಮೊದಲು ಕಟ್ಟೆಯ ಅಗಲ ಬರೆಯಿರಿ, ಒಬ್ಬರು ಕಾಲು ಮಡಚಿ ಕೂರುವಷ್ಟು, ಕನಿಷ್ಠ ಇಪ್ಪತ್ತು ಇಂಚು. ಉಳಿದ ಜಾಗದಲ್ಲಿ ಯಾವ ಕಂಬ ಬೇಕಾದರೂ ನಿಲ್ಲಲಿ.

ಅಜ್ಜನ ಮನೆಯ ಬೇವಿನ ಕಂಬದ ಬುಡ ಒರಲೆ ತಿಂದಿದೆ. ಕಿತ್ತು ಹಾಕಬೇಕೇ?

ದಯವಿಟ್ಟು ನಿಲ್ಲಿ. ಮಾಳಿಗೆ ಮನೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಪ್ರತಿ ಚದರ ಅಡಿಗೆ ಸುಮಾರು 50 ಕೆಜಿ. ಎಂಟಡಿಗೆ ಎಂಟಡಿಯ ಅಂಕಣಕ್ಕೆ ಮೂರು ಟನ್. ನಡುವಿನ ಒಂದು ಕಂಬ ಹೆಚ್ಚುಕಡಿಮೆ ಅಷ್ಟನ್ನು ಹೊತ್ತಿರುತ್ತದೆ, ಮಳೆ ಕುಡಿದ ದಿನ ಇನ್ನೂ ಜಾಸ್ತಿ. ಮೊದಲು ಕಂಬದ ಎರಡೂ ಪಕ್ಕ ತೊಲೆಗೆ ಜಾಕಿ ಕೊಟ್ಟು ಭಾರ ತಪ್ಪಿಸಬೇಕು. ಆಮೇಲೆ ಕೊಳೆತ ಬುಡವನ್ನು ಗಟ್ಟಿ ಮರ ಸಿಗುವವರೆಗೆ ಕೊಯ್ದು, ಆ ಎತ್ತರಕ್ಕೆ ಒಂದು ಗ್ರಾನೈಟ್ ಕಲ್ಲು ಕೂರಿಸಬಹುದು. ಹಳಬರು ಕಂಬದ ಕೆಳಗೆ ಕಲ್ಲು ಇಡುತ್ತಿದ್ದದ್ದು ಇದಕ್ಕೇ. ಆ ಮೇಲೆ ಎರಡು ಸಲ ಫರಸಿ ಎತ್ತರಿಸಿ ನಾವು ಕಲ್ಲನ್ನು ಹೂತುಹಾಕಿದೆವು, ಮರ ನೆಲ ಮುಟ್ಟಿತು, ಒರಲೆಗೆ ದಾರಿಯಾಯಿತು. ಮಾಳಿಗೆ ಸೋರುತ್ತಿದ್ದರೆ ಸವಳು ಮಣ್ಣು ಹಾಕಿಸಿ. ನೆನೆದರೆ ಅಂಟಾಗಿ ಸಂದು ಮುಚ್ಚುವ ಗುಣ ಅದಕ್ಕಿದೆ. ಮೇಲೆ ಸಿಮೆಂಟು ಬಳಿಯಬೇಡಿ.

ಗುಡಿಯ ಕಂಬಗಳಿಗೆ ಜಾತ್ರೆಗೆಂದು ಎನಾಮಲ್ ಬಣ್ಣ ಬಳಿಯುತ್ತಿದ್ದಾರೆ. ಏನು ಹೇಳಬೇಕು?

ಸುಣ್ಣ ಬಳಿದರೆ ಕಲ್ಲು ಉಸಿರಾಡುತ್ತದೆ. ಎನಾಮಲ್ ಬಳಿದರೆ ಬುಡದಿಂದ ಏರಿದ ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಕಲ್ಲಿನ ಮೇಲ್ಪದರವೇ ಹೊಪ್ಪಳಿಕೆಯಾಗಿ ಏಳುತ್ತದೆ. ಈಗಾಗಲೇ ಬಳಿದಿದ್ದರೆ ಮರಳು ಚಿಮ್ಮಿಸಿ ತೆಗೆಸಬೇಡಿ. ಬಣ್ಣದ ಜೊತೆ ಕೆತ್ತನೆಯೂ ಹೋಗುತ್ತದೆ. ಗುಡಿ ಸಂರಕ್ಷಿತವಾಗಿದ್ದರೆ ಪುರಾತತ್ವ ಇಲಾಖೆಗೆ ಬರೆಯಿರಿ.

ಇನ್ನೂ ಸ್ವಲ್ಪ ಆಳಕ್ಕೆ

ಚೌಕ, ಎಂಟು ಮೂಲೆ, ದುಂಡು: ಒಂದೇ ಕಂಬದಲ್ಲಿ ಆಕಾರ ಬದಲಾಗುವುದು ಏಕೆ?

ಶಿಲ್ಪಶಾಸ್ತ್ರದಲ್ಲಿ ಚೌಕಕ್ಕೆ ಬ್ರಹ್ಮಕಾಂತ, ಎಂಟು ಮೂಲೆಗೆ ವಿಷ್ಣುಕಾಂತ, ದುಂಡಗಿನದಕ್ಕೆ ಅಥವಾ ಹದಿನಾರು ಮೂಲೆಯದಕ್ಕೆ ರುದ್ರಕಾಂತ ಎಂಬ ಹೆಸರುಗಳಿವೆ. ಉಳಿಯ ದಾರಿಯೂ ಅದೇ: ಚೌಕದ ನಾಲ್ಕು ಮೂಲೆ ಕತ್ತರಿಸಿದರೆ ಎಂಟು, ಎಂಟರ ಮೂಲೆ ಕತ್ತರಿಸಿದರೆ ಹದಿನಾರು, ಮತ್ತೆ ಉಜ್ಜಿದರೆ ದುಂಡು. ಬುಡದಲ್ಲಿ ಚೌಕ ಉಳಿಸಿಕೊಂಡರೆ ನೆಲಕ್ಕೆ ಭದ್ರ, ತಲೆಯಲ್ಲಿ ಚೌಕವಿದ್ದರೆ ಬೋದಿಗೆಗೆ ಹೊಂದಿಕೆ. ಗ್ರೀಕರ ಚಪಲ ಬೇರೆ ತರಹದ್ದು. ಪಾರ್ಥೆನಾನಿನ ಕಂಬಗಳು ನಡುವೆ ಎರಡು ಸೆಂಟಿಮೀಟರಿಗೂ ಕಡಿಮೆ ಉಬ್ಬಿವೆ, ಕಣ್ಣಿಗೆ ಸೊರಗಿದಂತೆ ಕಾಣದಿರಲೆಂದು.

ವಿಜಯನಗರದವರಿಗೆ ಕಮಾನು ಗೊತ್ತಿತ್ತು. ಹಾಗಿದ್ದೂ ಗುಡಿಗಳಲ್ಲಿ ಕಂಬ–ತೊಲೆಯನ್ನೇ ಏಕೆ ಹಿಡಿದರು?

ಗೊತ್ತಿದ್ದದ್ದು ನಿಜ. ಹಂಪಿಯ ಕಮಲ ಮಹಲು, ಆನೆಲಾಯ ನೋಡಿ, ಕಮಾನು, ಗುಮ್ಮಟ ಸಲೀಸಾಗಿ ಬಂದಿವೆ. ಕಮಾನು ಹೆಚ್ಚು ಅಗಲ ದಾಟುತ್ತದೆ, ಆದರೆ ಬದಿಗೆ ಒತ್ತುತ್ತದೆ; ಆ ಒತ್ತನ್ನು ತಡೆಯಲು ದಪ್ಪ ಗೋಡೆ ಬೇಕು. ತೆರೆದ ಮುಖಮಂಟಪಕ್ಕೆ ಗೋಡೆಯೇ ಇಲ್ಲ. ಇದು ಎಂಜಿನಿಯರನ ಉತ್ತರ. ನನ್ನ ಅನುಮಾನ ಬೇರೆಯೂ ಇದೆ: ಅರಮನೆಗೆ ಕಾಲದ ರುಚಿ ಒಪ್ಪುತ್ತಿತ್ತು, ದೇವರ ಮುಂದೆ ಹಳೆಯ ಪದ್ಧತಿಯೇ ಮರ್ಯಾದೆ ಅನಿಸಿರಬೇಕು. ಹೊಸ ಕಾರು ಕೊಂಡವರೂ ತೇರಿಗೆ ಮರದ ಗಾಲಿಯನ್ನೇ ಹಾಕಿಸುವುದಿಲ್ಲವೇ?

ರಸ್ತೆ ಅಗಲ ಮಾಡುವಾಗ ಮೊದಲು ಕಟ್ಟೆ, ಪಡಸಾಲೆಗಳೇ ಹೋಗುತ್ತವೆ. ಅವು ನಮ್ಮವೋ, ಬೀದಿಯವೋ?

ಕಾಗದ ನೋಡದೆ ಯಾರೂ ಇದಕ್ಕೆ ಉತ್ತರ ಹೇಳಬಾರದು. ಆದರೆ ಇಟಲಿಯ ಬೊಲೋನಾ ಊರು ಈ ಜಗಳವನ್ನು ಬಗೆಹರಿಸಿಕೊಂಡ ಬಗೆ ಸ್ವಾರಸ್ಯಕರ. 1288ರ ಅಲ್ಲಿನ ಕಟ್ಟಳೆಯ ಪ್ರಕಾರ ಮನೆಯ ಮುಂದೆ ಕಂಬದ ಓಣಿ ಇರಲೇಬೇಕು. ಕುದುರೆ ಸವಾರ ಹಾಯುವಷ್ಟು, 2.66 ಮೀಟರ್ ಎತ್ತರವಿರಬೇಕು. ಕಟ್ಟುವುದು, ರಿಪೇರಿ ಮಾಡುವುದು ಮನೆಯವನ ಪಾಲಿಗೆ. ನಡೆಯುವ ಹಕ್ಕು ಊರಿಗೆಲ್ಲ. ಇಂದು ಅಲ್ಲಿ ಒಟ್ಟು 62 ಕಿಲೋಮೀಟರ್ ನೆರಳಿನ ಓಣಿಯಿದೆ, 2021ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಮ್ಮ ಕಟ್ಟೆಯ ಮೇಲೆ ದಾರಿಹೋಕ ಯಾರನ್ನೂ ಕೇಳದೆ ಕೂರುತ್ತಿದ್ದದ್ದೂ ಇಂಥದೇ ಒಪ್ಪಂದ, ಬರೆದಿಟ್ಟಿರಲಿಲ್ಲ ಅಷ್ಟೆ.

ಮುಂದಿನ ತಿಂಗಳು ನಮ್ಮ ಪಡಸಾಲೆ ಕೆಡವುತ್ತಾರೆ. ಕಡೆಯ ಪಕ್ಷ ಅಳೆದಿಡಬೇಕೆಂದಿದೆ. ಹೇಗೆ?

ಇಬ್ಬರು ಬೇಕು, ಒಂದು ಬೆಳಿಗ್ಗೆ ಸಾಕು. ಕಂಬದ ನಡುವಿನಿಂದ ಕಂಬದ ನಡುವಿಗೆ ಅಳೆಯಿರಿ, ಅಂಚಿನಿಂದ ಅಂಚಿಗೆ ಬೇಡ. ಎದುರು ಮೂಲೆಗಳ ಕರ್ಣವನ್ನೂ ಅಳೆಯಿರಿ. ಹಳೆಯ ಮನೆ ಯಾವುದೂ ಪೂರ್ತಿ ಚೌಕವಿರುವುದಿಲ್ಲ. ಕಂಬಕ್ಕೆ ತೂಗುಗುಂಡು ಇಳಿಬಿಟ್ಟು ಎತ್ತ ವಾಲಿದೆ ಎಂದು ಗುರುತಿಸಿ. ಬೋದಿಗೆಯ ಮೇಲೆ ಬಿಳಿ ಹಾಳೆ ಹಿಡಿದು ಪೆನ್ಸಿಲ್ ಓರೆಯಾಗಿ ಉಜ್ಜಿದರೆ ಕೆತ್ತನೆ ಹಾಗೆಯೇ ಮೂಡುತ್ತದೆ. ಪ್ರತಿ ಕಂಬಕ್ಕೂ ಒಂದು ನಂಬರ್ ಕೊಟ್ಟು ನಾಲ್ಕೂ ಕಡೆಯಿಂದ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಕಾಣುವಂತೆ. ಕಂಬದ ಮೇಲೆ ಒಂದು ಕಡೆ ಮಾತ್ರ ಎಣ್ಣೆಗಪ್ಪು ಹಿಡಿದು ನುಣುಪಾಗಿದ್ದರೆ ಅದರ ಎತ್ತರವನ್ನೂ ಬರೆದುಕೊಳ್ಳಿ. ನಾನು ಅಳೆದ ಒಂದು ಮನೆಯಲ್ಲಿ ಅದು ಕಟ್ಟೆಯಿಂದ ಎರಡು ಅಡಿ ಎರಡು ಇಂಚಿಗಿತ್ತು: ಕೂತು ಒರಗುತ್ತಿದ್ದವರ ತಲೆಯ ಎತ್ತರ.